ಬಿಚ್ಚಿಸುವುದೋ, ಬದಲಿಸುವುದೋ?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಬಾಗಿಲು ಹಾಕಿತಾದರೂ ಅಲ್ಲಿ ಹುಟ್ಟಿದ ಗಾಡಿಗಳನ್ನು ಮನೆಯ ಹಸುವಿನಂತೆ ಸಾಕಿಕೊಂಡು ಬಂದ ಸಂಸಾರಗಳು ಇಂದಿಗೂ ಇವೆ. ಅಂಥ ಗಾಡಿಯೊಂದು ದಿಣ್ಣೆ ಏರಲಾರದೆ ಏದುಸಿರು ಬಿಟ್ಟು, ಬೀದಿಗೆಲ್ಲ ಬಿಳಿಯ ಹೊಗೆ ಹಾಸಿದ ದಿನ ಮನೆಯಲ್ಲಿ ಎರಡು ಪಕ್ಷಗಳೇಳುತ್ತವೆ. ಎಂಜಿನ್ನನ್ನೇ ಬದಲಿಸಬೇಕೆಂಬುದು ಮಗನ ವಾದ. ಬಿಚ್ಚಿಸಿ ನೋಡೋಣವೆಂಬುದು ತಂದೆಯ ಹಟ. ಖರ್ಚಿನ ಚೀಟಿಯನ್ನು ಕಂಡ ಗೃಹಿಣಿಗೆ ಎರಡೂ ಒಂದೇ!

ಹೊಗೆ ಕಂಡೊಡನೆ ಎಂಜಿನ್ನಿಗೆ ಕೊನೆಗಾಲ ಬಂತೆನ್ನುವುದು ಆತುರ. ಈ ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕಿನ ಪಕ್ಕದ ಆಯಿಲ್ ಸೀಲ್ ಸವೆದರೆ ಗೇರ್ ಆಯಿಲ್ ಒಳಗೆ ಸೇರಿ ಉರಿಯುತ್ತದೆ. ಪುಟ್ಟ ರಬ್ಬರು ಬಳೆಯೊಂದರ ತಪ್ಪಿಗೆ ಇಡೀ ಎಂಜಿನ್ನು ಅಪವಾದ ಹೊರುತ್ತದೆ. 65 ಮಿಲಿಮೀಟರು ವ್ಯಾಸದ ಸಿಲಿಂಡರು ಸವೆದಿದ್ದರೆ ಬೋರ್ ಮಾಡಿಸಿ, ಒಂದಳತೆ ದೊಡ್ಡ ಪಿಸ್ಟನ್ ಹಾಕಿಸಬಹುದು. ಕನೆಕ್ಟಿಂಗ್ ರಾಡಿನ ಬುಡದ ಬೇರಿಂಗ್ ಹೋಗಿದ್ದರೆ ಮಾತ್ರ ಕೆಲಸ ಸೂಕ್ಷ್ಮ: ಒತ್ತಿ ಜೋಡಿಸಿದ ಕ್ರ್ಯಾಂಕನ್ನು ಬಿಡಿಸಿ, ಕೂದಲೆಳೆಯಷ್ಟೂ ವಾರೆಯಾಗದಂತೆ ಮತ್ತೆ ಕೂರಿಸುವ ಕೈ ಬೇಕು. ಎಂಜಿನ್ನಿನ ಹೊರಕವಚವೇ ಸರಿಪಡಿಸಲಾಗದಂತೆ ಬಿರಿದಿದ್ದರೆ ಮಗನ ಮಾತಿಗೆ ತೂಕ ಬರುತ್ತದೆ.

ಆದರೆ ತರುವುದು ಯಾವ ಎಂಜಿನ್ನನ್ನು? ಗುಜರಿಯಿಂದ ಬಂದದ್ದು ಇನ್ನಾರದೋ ಆಯಾಸವನ್ನು ಹೊತ್ತೇ ಬರುತ್ತದೆ. ಅದನ್ನೂ ಬಿಚ್ಚಿಸದೆ ವಿಧಿಯಿಲ್ಲ. ಮೇಲಾಗಿ ನೋಂದಣಿ ಪತ್ರದಲ್ಲಿ ಎಂಜಿನ್ನಿನ ಸಂಖ್ಯೆ ಇರುವುದರಿಂದ, ಬದಲಿಸಿದರೆ ಆರ್‌ಟಿಒ ಕಚೇರಿಯಲ್ಲಿ ಅದನ್ನು ತಿದ್ದಿಸಬೇಕು. ಹಳೆಯ ಸಂಖ್ಯೆಯನ್ನು ತಂದೆ ಕನ್ನಡಕವಿಲ್ಲದೆಯೇ ಹೇಳಬಲ್ಲರು. ಮಗನಿಗೆ ಅದಿನ್ನೂ ಬಾಯಿಗೆ ಬಂದಿಲ್ಲ.