ಕಡಬು ಮೋಮೋ ಆತು, ಗವಲಿ ಏನಾತು?

ವಿಜಯಪುರ ಅಂದಕೂಡಲೇ ಗೋಳಗುಮ್ಮಟ, ಜೋಳದ ರೊಟ್ಟಿ ಅಂತ ಮಾತು ಮುಗಿಸಿಬಿಡುತ್ತೇವೆ. ಆದರೆ ಈ ಜಿಲ್ಲೆಯ ಮನೆಗಳಲ್ಲಿ ಹಿಟ್ಟಿಗೆ ರೊಟ್ಟಿ ಒಂದೇ ದಾರಿ ಅಲ್ಲ. ಅದನ್ನು ಮಡಚುತ್ತಾರೆ, ಹೊಸೆಯುತ್ತಾರೆ, ಚಿವುಟುತ್ತಾರೆ, ಕುದಿಯೋ ಬೇಳೆಗೆ ಬಿಡುತ್ತಾರೆ. ನಾವು ಆ್ಯಪ್‌ನಲ್ಲಿ ತರಿಸಿಕೊಳ್ಳುವ ಮೋಮೋ, ಪಾಸ್ತಾಗಳ ಬಳಗ ಇಲ್ಲಿ ಮೊದಲಿನಿಂದಲೂ ಇದೆ. ಕಳೆದ ಮೇ ತಿಂಗಳಲ್ಲಿ ನಾಲ್ಕು ದಿನ ರಜೆ ಹಾಕಿ, ನೆಂಟರ ಮನೆ ನೆಪದಲ್ಲಿ ನಾಲ್ಕು ಊರು ಸುತ್ತಿಬಂದೆ.

ಇಂಡಿ: ಬೇಳೆಯೊಳಗಿನ ಚಕೋಲಿ

ಇಂಡಿ ತಾಲೂಕಿನಿಂದ ಭೀಮಾ ನದಿ ದಾಟಿದರೆ ಸೊಲ್ಲಾಪುರ ಸೀಮೆ. ಚಕೋಲಿ ಎರಡೂ ದಂಡೆಯದು. ಗೋಧಿ ಹಿಟ್ಟು ಲಟ್ಟಿಸಿ, ಶಂಕರಪಾಳಿ ಹಾಗೆ ಕತ್ತರಿಸಿ, ಖಾರ, ಹುಣಸೆ, ಬೆಲ್ಲ ಹಾಕಿದ ತೊಗರಿಬೇಳೆಯಲ್ಲಿ ಬೇಯಿಸುತ್ತಾರೆ. ಸೋದರತ್ತಿಯ ಮೊಮ್ಮಕ್ಕಳು ಬಾಟಲಿ ಮುಚ್ಚಳ ಒತ್ತಿ ದುಂಡಗೆ ಕತ್ತರಿಸಿ, 'ದಾಲ್ ಪಾಸ್ತಾ' ಅಂತ ವಾಟ್ಸಾಪ್ ಸ್ಟೇಟಸ್ ಹಾಕಿದ್ದರು. ಮೇಲೆ ತುಪ್ಪ, ಜಿಐ ಮಾನ್ಯತೆ ಪಡೆದ ಇಂಡಿ ನಿಂಬೆಯ ರಸ. 'ಹೆಸರ ಏನರೆ ಇಡ್ರಿ, ಬಿಸಿ ಇದ್ದಾಗ ಉಣ್ರಿ' ಅಂದರು ಅತ್ತಿ.

ಸಿಂದಗಿ: ಜೋಳದ ಮೋಮೋ

ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಬುತ್ತಿ ಒಯ್ದು ಚರಗ ಚೆಲ್ಲುವಾಗ ಸಜ್ಜೆ ಕಡಬು, ಜೋಳದ ಕಡಬು ಇರಲೇಬೇಕು. ಚಿಗವ್ವ ಅದೇ ಕೈಯಿಂದ ಈಗ ಮೋಮೋ ಮಾಡುತ್ತಾಳೆ. ಜೋಳದಲ್ಲಿ ಗೋಧಿಯಂಥ ಅಂಟಿಲ್ಲ. ಮೈದಾದಂತೆ ತೆಳ್ಳಗೆ ಲಟ್ಟಿಸಿದರೆ ಹರಿಯುತ್ತದೆ. ಅದಕ್ಕೆ ಕುದಿಯೋ ಎಸರಲ್ಲಿ ಹಿಟ್ಟು ನಾದಿ, ಅರ್ಧ ಗೋಧಿ ಹಿಟ್ಟು ಬೆರೆಸುವುದು ಅವಳ ಉಪಾಯ. ಒಳಗೆ ಮೆಂತ್ಯ ಸೊಪ್ಪು, ಮೊಳಕೆ ಬಂದ ಮಡಿಕೆ ಕಾಳು, ಉಳ್ಳಾಗಡ್ಡಿ. ಕೆಂಪು ಚಟ್ನಿ ಬದಲು ಹಸಿಗೆಂಪು ಮೆಣಸಿನಕಾಯಿ ರಂಜಕ. ನಾನು ಆರು ತಿಂದೆ. 'ಇದರಾಗ ಹೊಸಾದೇನೈತಿ ತಮ್ಮಾ? ಕಡಬಿಗೆ ನಿರಿಗಿ ಹಾಕೀನಿ, ಅಷ್ಟ' ಅಂದಳು ಚಿಗವ್ವ.

ಮುದ್ದೇಬಿಹಾಳ: ಚಿವುಟಿ ಮಾಡುವ ಗವಲಿ

ಚಿರೋಟಿ ರವೆ ಕಣಕವನ್ನು ಹೆಬ್ಬೆರಳು, ತೋರುಬೆರಳ ನಡುವೆ ಹೊಸೆದು, ಅಕ್ಕಿಕಾಳಿನಷ್ಟು ಸಣ್ಣಗೆ ಚಿವುಟಿ ಒಣಗಿಸಿದರೆ ಗವಲಿ. ಓರ್ಜೊ ಪಾಸ್ತಾ ನೋಡಿದವರಿಗೆ ತಕ್ಷಣ ಗುರುತು ಸಿಗುತ್ತದೆ. ಹೋಲಿಕೆ ಆಕಾರದಲ್ಲಷ್ಟೇ ಅಲ್ಲ. ಪಾಸ್ತಾಕ್ಕೆ ಬಳಸುವ ಡ್ಯೂರಮ್ ಗೋಧಿ ಈ ಎರೆಭೂಮಿಗೆ ಹಳೇ ಪರಿಚಯ, 'ಬಿಜಗಾ ಯೆಲ್ಲೊ' ಅಂಥದ್ದೇ ತಳಿ. ಶ್ಯಾವಿಗೆಗೆ ಹೇಳಿ ಮಾಡಿಸಿದ ಜವೆ ಗೋಧಿ, ಇಟಲಿಯವರು ಫಾರ್ರೊ ಅನ್ನುವ ಜಾತಿಯದು.

ಆಯಿ ಮತ್ತು ನಾನು ಕಟ್ಟೆ ಮೇಲೆ ಒಂದು ತಾಸು ಕುಂತು ಚಿವುಟಿದೆವು. ಒಂದು ಮುಷ್ಟಿ ಆಯಿತು. 'ಮೊದಲ ಓಣ್ಯಾಗ ಒಂದು ಮದುವಿ ಅಂದ್ರ ಹತ್ತು ಮಂದಿ ಕುಂದರತಿದ್ವಿ. ಮಾತಾಡಕೋತ ಡಬ್ಬಿ ತುಂಬತಿತ್ತು. ಈಗ ನಾ ಒಬ್ಬಾಕಿನ' ಅಂದಳು. ಅವಳ ಡಬ್ಬಿಯ ತಳದಲ್ಲಿ ಎರಡು ಬೆರಳಷ್ಟು ಗವಲಿ ಇತ್ತು. ವೈನಿ ಅದಕ್ಕೆ ಕೈಹಚ್ಚುವುದಿಲ್ಲ. ಅಂಗಡಿಯ ಮ್ಯಾಕರೋನಿ ಬೇಯಿಸಿ, ಹಾಲು, ಬೆಲ್ಲ, ಏಲಕ್ಕಿ ಹಾಕಿ ಪಾಯಸ ಮಾಡುತ್ತಾಳೆ. ಉಳಿದದ್ದು ಸಂಜೆ ಗುರೆಳ್ಳು ಚಟ್ನಿ, ಬಳ್ಳೊಳ್ಳಿ ಒಗ್ಗರಣೆಯಲ್ಲಿ ಮಕ್ಕಳಿಗೆ. ಆಯಿ ಪಾಯಸ ರುಚಿ ನೋಡಿ, 'ಗವಲಿ ಬಸರಾಗೈತಿ' ಅಂದಾಗ ಮನೆಮಂದಿ ಎಲ್ಲ ನಕ್ಕರು.

ಬಸವನ ಬಾಗೇವಾಡಿ: ಹೆಂಚು ಇಡದ ಹಬ್ಬ

ಬಸವಣ್ಣನವರು ಹುಟ್ಟಿದ ಊರು. ದೇವಸ್ಥಾನಕ್ಕೆ ಹೋಗಿಬಂದು ಗೆಳೆಯನ ಮನೆಯಲ್ಲಿ ಊಟಕ್ಕೆ ಕೂತೆ. ಅವನ ಹೆಂಡತಿ ಶಾಲೆಯಲ್ಲಿ ಟೀಚರ್. ನಮ್ಮ ಕಡೆ ನಾಗರ ಪಂಚಮಿಗೆ ಹೆಂಚು ಇಡುವಂತಿಲ್ಲ, ಕರಿಯುವಂತಿಲ್ಲ, ಹೆಚ್ಚುವಂತಿಲ್ಲ. ರೊಟ್ಟಿಗಳನ್ನು ಮುಂಚೆಯೇ ಬಡಿದು ಓಣಿಗೆ ಹಂಚಿ, ಹಬ್ಬದ ದಿನ ಕಡಬು ಕುದಿಸುತ್ತಾರೆ. ಆ ನಿಯಮದೊಳಗೂ ಆಟ ಇದೆ. ಕಡಲೆಬೇಳೆ ಹೂರಣದ ಕಡಬು ದೊಡ್ಡವರಿಗೆ, ಶೇಂಗಾ ಹಿಟ್ಟು ಮತ್ತು ಚಾಕೊಲೇಟ್ ತುಂಬಿದ್ದು ಮಗಳಿಗೆ. ಎರಡೂ ಒಂದೇ ಇಡ್ಲಿ ಪಾತ್ರೆಯಲ್ಲಿ, ಶಾಲೆಗೆ ಹೊರಡುವ ಮೊದಲೇ ರೆಡಿ.

ಅವರ ಅಡುಗೆಮನೆಯಲ್ಲಿ ನಿಂತಾಗ ಒಂದು ಸಂಗತಿ ಹೊಳೆಯಿತು. ಕಡಬು ಮೋಮೋ ಆಗಿಯೋ, ಚಾಕೊಲೇಟ್ ತುಂಬಿಕೊಂಡೋ ಬದುಕುತ್ತದೆ, ಏಕೆಂದರೆ ಅದಕ್ಕೆ ಒಬ್ಬರ ಎರಡು ಕೈ, ಅರ್ಧ ತಾಸು ಸಾಕು. ಚಕೋಲಿಯೂ ಹಾಗೇ. ಗವಲಿಗೆ ಬೇಕಾದದ್ದು ರೆಸಿಪಿ ಅಲ್ಲ, ಓಣಿ. ಯೂಟ್ಯೂಬ್‌ನಲ್ಲಿ ವಿಧಾನ ಸಿಗುತ್ತದೆ, ಕಟ್ಟೆ ಮೇಲೆ ಕೂರುವ ಹತ್ತು ಮಂದಿ ಸಿಗುವುದಿಲ್ಲ. ಮ್ಯಾಕರೋನಿ ಹಾಕಿದ ವೈನಿಯನ್ನು ಬೈದು ಏನು ಮಾಡುವುದು? ಪಾಯಸವಾದರೂ ಉಳಿಯಿತಲ್ಲ.

ಬರುವಾಗ ಆಯಿ ಡಬ್ಬಿಯ ಗವಲಿಯನ್ನು ಅರ್ಧ ಕಟ್ಟಿಕೊಟ್ಟಳು. ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿರುವ ನಮ್ಮ ಕಾಕಾ, ಮಾಮಾನ ಮಕ್ಕಳ ಗ್ರೂಪಿಗೆ ಅದರ ಫೋಟೊ ಹಾಕಿದೆ. ಮುಂದಿನ ಮೇ ತಿಂಗಳ ಎರಡನೇ ವಾರಕ್ಕೆ ನಾಲ್ವರು ರಜೆ ಹಾಕಿದ್ದಾರೆ. ಇನ್ನೂ ಐದು ಮಂದಿ ಬೇಕು.