ಬಗೆದುದು ಮತ್ತು ಬರೆದುದು

ಮುಗಿಸಿದೆನು ಎಂಬ ಮಾತು ವಿದ್ಯೆಯ ವಿಷಯದಲ್ಲಿ ಹಗುರವಾಗಿ ಆಡತಕ್ಕದ್ದಲ್ಲ. ಕನ್ನಡ ಎಂ.ಎ. ಓದಿ, ಹಲವು ವರ್ಷಗಳಿಂದ ಹಳಗನ್ನಡದ ಪಾಠ ಹೇಳುತ್ತ ಬಂದಿರುವ ಅಧ್ಯಾಪಕರೊಬ್ಬರು ಗಣಕವಿಜ್ಞಾನದ ಪ್ರವೇಶ ಪಾಠವೊಂದನ್ನು ಮುಗಿಸಿದ ಪ್ರಸಂಗವನ್ನು ಓದುಗ ಬಂಧುಗಳು ಈ ದೃಷ್ಟಿಯಿಂದ ಗಮನಿಸಬಹುದು.

ಆ ಪಾಠವು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಿಎಸ್50. ಡೇವಿಡ್ ಮೇಲನ್ ಅವರು 2007ರಲ್ಲಿ ಇದರ ಬೋಧನೆಯನ್ನು ವಹಿಸಿಕೊಂಡರು. 2012ರಿಂದ ಅಂತರಜಾಲದ ಮೂಲಕ ಇದು ಜಗತ್ತಿಗೆಲ್ಲ ತೆರೆದಿದೆ. ಕಲಿಯಲು ಶುಲ್ಕವಿಲ್ಲ, ಪೂರ್ವಜ್ಞಾನದ ನಿರ್ಬಂಧವೂ ಇಲ್ಲ. ಬೇಕಾದುದು ಇಂಗ್ಲಿಷ್ ಮತ್ತು ತಾಳ್ಮೆ. ಮೊದಲನೆಯದು ಅಧ್ಯಾಪಕರಿಗೆ ಅಷ್ಟಿಷ್ಟು ಇತ್ತು. ಎರಡನೆಯದು ಧಾರಾಳವಾಗಿದೆಯೆಂದು ಅವರು ತಿಳಿದಿದ್ದರು.

ಮೊದಲ ಪಾಠ ಹಬ್ಬದಂತೆ ಕಳೆಯಿತು. ದಪ್ಪನೆಯ ದೂರವಾಣಿ ಪುಸ್ತಕದ ನಡುಪುಟವನ್ನು ತೆರೆದು, ಬೇಡದ ಅರ್ಧವನ್ನು ಹರಿದೆಸೆದು, ಉಳಿದ ಅರ್ಧದಲ್ಲಿ ಮತ್ತೆ ಹಾಗೆಯೇ ಮಾಡುತ್ತ ಹೋದರೆ 1000 ಪುಟಗಳಿದ್ದರೂ ಸುಮಾರು ಹತ್ತು ಹೆಜ್ಜೆಗಳಲ್ಲಿ ಬೇಕಾದ ಪುಟ ದೊರೆಯುತ್ತದೆ. ನಿಘಂಟು ತಿರುವುವ ಕನ್ನಡ ಮೇಷ್ಟರಿಗೆ ಇದೇನು ಹೊಸದಲ್ಲ. ತಮ್ಮ ಕೈ ದಿನನಿತ್ಯ ಮಾಡುವ ಕೆಲಸಕ್ಕೂ ಒಂದು ಶಾಸ್ತ್ರವುಂಟೆಂಬುದು ಮಾತ್ರ ಹೊಸದು.

ಕಷ್ಟ ಆರಂಭವಾದದ್ದು ಸಿ ಭಾಷೆಯಿಂದ. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ವಾಕ್ಯ ಅರ್ಧಕ್ಕೆ ನಿಂತಿದ್ದರೂ ಹುಡುಗನ ಮನಸ್ಸಿನಲ್ಲಿದ್ದುದನ್ನು ಊಹಿಸಿ ಎರಡು ಅಂಕ ಕೊಡುವುದು ಅಧ್ಯಾಪಕರ ರೂಢಿ. ಯಂತ್ರಕ್ಕೆ ಆ ದಾಕ್ಷಿಣ್ಯವಿಲ್ಲ. ಅದು ಬಗೆದುದನ್ನು ಅರಿಯದು, ಬರೆದುದನ್ನಷ್ಟೇ ನಡೆಸುತ್ತದೆ. ಕೊನೆಯಲ್ಲಿ ಒಂದು ಅರ್ಧವಿರಾಮ ಬಿಟ್ಟುಹೋದರೆ ಇಡೀ ಬರಹವನ್ನೇ ತಿರಸ್ಕರಿಸುತ್ತದೆ. 'ಪ್ರಶ್ನೆ' ಎಂಬ ಪದದ ಉದ್ದವೆಷ್ಟೆಂದು ಅವರು ಒಮ್ಮೆ ಕುತೂಹಲಕ್ಕಾಗಿ ಕೇಳಿದರು. ಕನ್ನಡಿಗರ ಲೆಕ್ಕಕ್ಕೆ ಅಲ್ಲಿರುವುದು ಎರಡೇ ಅಕ್ಷರ. ಯಂತ್ರ 21 ಎಂದಿತು! ವ್ಯಂಜನ, ವಿರಾಮಚಿಹ್ನೆ, ಸ್ವರಚಿಹ್ನೆ ಎಲ್ಲವನ್ನೂ ಬಿಡಿಸಿದರೆ ಏಳು ಸಂಕೇತಗಳು. ಒಂದೊಂದಕ್ಕೂ ಮೂರು ಬೈಟುಗಳು. ಸಿ ಭಾಷೆ ಎಣಿಸುವುದು ಬೈಟುಗಳನ್ನು. ಮುಂದೆ ಪೈಥಾನ್ ಭಾಷೆಗೆ ಬಂದಾಗ ಅದೇ ಪ್ರಶ್ನೆಗೆ ಏಳು ಎಂಬ ಉತ್ತರ ಬಂತು. ಎರಡು ಎಂದು ಹೇಳಿದ ಭಾಷೆ ಯಾವುದೂ ಇಲ್ಲ.

ಐದನೆಯ ವಾರದ ಅಭ್ಯಾಸದಲ್ಲಿ ನಿಜವಾದ ಪರೀಕ್ಷೆ ಒದಗಿತು. 1,43,091 ಇಂಗ್ಲಿಷ್ ಪದಗಳ ಪಟ್ಟಿಯನ್ನು ಗಣಕದ ಸ್ಮೃತಿಯಲ್ಲಿ ತುಂಬಿ, ಕೊಟ್ಟ ಗ್ರಂಥಭಾಗದಲ್ಲಿ ಕಾಗುಣಿತ ತಪ್ಪಿದ ಪದಗಳನ್ನು ಹುಡುಕಬೇಕು. ಕೆಲಸ ತೀರಿದ ಮೇಲೆ ಪಡೆದ ಸ್ಮೃತಿಯನ್ನೆಲ್ಲ ಹಿಂತಿರುಗಿಸಬೇಕು. ಎರಡು ವಾರ ಒದ್ದಾಡಿದ ಅಧ್ಯಾಪಕರು ಒಂದು ರಾತ್ರಿ ಅಂತರಜಾಲದಲ್ಲಿ ಯಾರೋ ಬರೆದಿಟ್ಟಿದ್ದ ಪರಿಹಾರವನ್ನು ಹಾಗೆಯೇ ನಕಲು ಮಾಡಿ ಒಪ್ಪಿಸಿದರು. ಪರಿಶೀಲನೆಯ ಸಾಲುಗಳೆಲ್ಲ ಹಸಿರಾದವು. ಮಾರನೆಯ ದಿನ ಅವರು ಕಾಲೇಜಿನ ಕಿರುಪರೀಕ್ಷೆಯಲ್ಲಿ ನಕಲು ಮಾಡಿದ ಹುಡುಗನೊಬ್ಬನನ್ನು ಎಬ್ಬಿಸಿ ನಿಲ್ಲಿಸಬೇಕಾಯಿತು. ಅಂದು ಅವರ ಬಾಯಿಂದ ಎಂದಿನ ಗದರಿಕೆ ಹೊರಡಲಿಲ್ಲ.

ಸಿಎಸ್50ರಲ್ಲಿ 2014ರಲ್ಲಿ ಸೇರಿಸಿದ ನಿಯಮವೊಂದುಂಟು. ಅಯುಕ್ತವಾದುದನ್ನು ಮಾಡಿದ ವಿದ್ಯಾರ್ಥಿ 72 ಗಂಟೆಗಳೊಳಗೆ ತಾನಾಗಿ ಬಂದು ಒಪ್ಪಿಕೊಂಡರೆ, ಆ ಕೆಲಸಕ್ಕೆ ಅಂಕ ಹೋಗಬಹುದು; ಆದರೆ ವಿಷಯವು ಹೆಚ್ಚಿನ ಶಿಸ್ತುಕ್ರಮಕ್ಕೆ ಹೋಗದು. ಪಶ್ಚಾತ್ತಾಪಕ್ಕೂ ಗಂಟೆಯ ಲೆಕ್ಕವೇ ಎಂದು ಯಾರಾದರೂ ನಗಬಹುದು. ನಗುವ ಮಾತಲ್ಲ. ತಪ್ಪು ಮಾಡಿದವನು ಮೂರು ದಿನ ಕಳೆದರೆ ಅದಕ್ಕೆ ಸಮರ್ಥನೆ ಹುಡುಕಿಕೊಳ್ಳುತ್ತಾನೆ ಎಂಬುದು ಬಲ್ಲವರ ಅನುಭವ. ನಿಯಮ ಅಲ್ಲಿನ ತರಗತಿಯವರಿಗೆ ಮಾಡಿದುದು. ಸಮುದ್ರದಾಚೆಯ ಈ ವಿದ್ಯಾರ್ಥಿಯನ್ನು ಕೇಳುವವರಿರಲಿಲ್ಲ. ಕೇಳುವವರಿಲ್ಲದುದೇ ಅವರಿಗೆ ಭಾರವಾಯಿತು. ಎರಡನೆಯ ರಾತ್ರಿ ನಕಲನ್ನು ಅಳಿಸಿ, ಮೊದಲ ಸಾಲಿನಿಂದ ತಾವೇ ಬರೆಯತೊಡಗಿದರು.

ಮೂರು ವಾರ ಹಿಡಿಯಿತು. ಬರೆದದ್ದು ನಡೆಯಿತು, ಆದರೆ ಒಂದು ವಿಚಿತ್ರ: ಸಾಲಿನ ನಡುವೆ ಬಂದಾಗ ಸರಿಯೆನಿಸಿಕೊಳ್ಳುವ ಪದ ವಾಕ್ಯದ ಆದಿಯಲ್ಲಿ ಬಂದರೆ ತಪ್ಪೆನಿಸಿಕೊಳ್ಳುತ್ತಿತ್ತು. ಸಂಕೇತವನ್ನು ಒಂದು ರಬ್ಬರಿನ ಬಾತುಕೋಳಿಗೆ ಸಾಲುಸಾಲಾಗಿ ವಿವರಿಸಿದರೆ ದೋಷ ತಾನೇ ತೋರುತ್ತದೆಂಬುದು ಆ ಪಾಠದಲ್ಲಿ ಹೇಳುವ ಉಪಾಯ. ಬಾತುಕೋಳಿ ಮನೆಯಲ್ಲಿರಲಿಲ್ಲ; ಆರನೆಯ ತರಗತಿಯ ಮಗಳನ್ನು ಕೂರಿಸಿಕೊಂಡರು. ಅವಳು ಸ್ವಲ್ಪ ಹೊತ್ತು ಕೇಳಿ, "ಅಪ್ಪಾ, ವಾಕ್ಯದ ಮೊದಲಿಗೆ ಕ್ಯಾಪಿಟಲ್ ಲೆಟರ್ ಅಲ್ಲವಾ?" ಎಂದಳು. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವಿಲ್ಲ. ಆ ಲಿಪಿಯಲ್ಲಿಯೇ ಬಾಳಿದವರಿಗೆ ಅದು ಹೊಳೆದಿರಲಿಲ್ಲ. ಪದವನ್ನು ಹುಡುಕುವ ಮೊದಲು ಎಲ್ಲ ಅಕ್ಷರಗಳನ್ನೂ ಒಂದೇ ರೂಪಕ್ಕೆ ತರುವ ಒಂದು ಸಾಲು ಸೇರಿಸಿದರು. ಹಸಿರು ಮತ್ತೆ ಬಂತು. ಈ ಸಲ ತಡರಾತ್ರಿಯವರೆಗೂ ಅದನ್ನು ನೋಡುತ್ತ ಕುಳಿತಿದ್ದರಂತೆ.

ಉಳಿದ ವಾರಗಳು ಬೇಗ ಸರಿದವು. ಸಹಪಾಠಿಗಳಿಗಿಂತ ಎಷ್ಟು ಮುಂದೆ ಎಂಬುದಲ್ಲ, ಆರಂಭದಲ್ಲಿದ್ದ ತನಗಿಂತ ಎಷ್ಟು ಮುಂದೆ ಎಂಬುದೇ ಮುಖ್ಯವೆಂದು ಆ ಪಾಠದ ಪೀಠಿಕೆಯಲ್ಲಿ ಹೇಳಿದೆ. ಇದನ್ನು ಅಳೆಯುವ ಕೋಲು ಯಾವುದು ಎಂಬುದಕ್ಕೆ ಅವರ ಬಳಿ ಪ್ರಮಾಣಪತ್ರವಲ್ಲದೆ ಬೇರೆ ಉತ್ತರವಿಲ್ಲ, ಆದರೆ ಉತ್ತರಪತ್ರಿಕೆ ತಿದ್ದುವಾಗ ಈಗ ಹುಡುಗರನ್ನು ಕರೆದು, "ನೀನು ಬಗೆದುದು ಇದೇ ಏನಪ್ಪಾ?" ಎಂದು ಕೇಳುತ್ತಾರೆ. ಕೊನೆಯ ಯೋಜನೆಯಾಗಿ ಅವರು ಪದ್ಯದ ಸಾಲಿನಲ್ಲಿ ಲಘು-ಗುರುಗಳನ್ನು ಗುರುತಿಸುವ ಪುಟ್ಟ ಪ್ರೋಗ್ರಾಂ ಒಂದನ್ನು ಬರೆದರು. 'ಪ್ರಶ್ನೆ'ಗೆ ಅದು ಎರಡೇ ಅಕ್ಷರವೆಂದು ಸರಿಯಾಗಿ ಹೇಳುತ್ತದೆ. 'ಬ್ಯಾಂಕ್‌ಗೆ' ಎಂಬಂತಹ ಪದ ಬಂದರೆ ತಪ್ಪುತ್ತದೆ. ಕಕಾರಕ್ಕೆ ಗಕಾರ ಒತ್ತಾಗದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ, ಪ್ರೋಗ್ರಾಂ ಅದನ್ನೂ ಒಂದು ಅಕ್ಷರವೆಂದು ಎಣಿಸಿಬಿಡುತ್ತದೆ. ಪ್ರಮಾಣಪತ್ರ ಬಂದು ತಿಂಗಳುಗಳಾಗಿವೆ. ಅಧ್ಯಾಪಕರು ಅದನ್ನಿನ್ನೂ ತಿದ್ದುತ್ತಿದ್ದಾರೆ.