ಬಿದಿರು ಕೋಲಿಗೆ ತಕ್ಕ ದಾರ

ನ್ಯೂಯಾರ್ಕ್ ನಗರದ ಗದ್ದಲ ಬಿಟ್ಟು ವಾಯವ್ಯ ದಿಕ್ಕಿಗೆ ಸುಮಾರು 200 ಕಿ.ಮೀ. ಸಾಗಿದರೆ ಕ್ಯಾಟ್‌ಸ್ಕಿಲ್ ಬೆಟ್ಟಗಳ ಮಡಿಲಲ್ಲಿ ರಾಸ್ಕೋ ಎಂಬ ಚಿಕ್ಕ ಊರು ಸಿಗುತ್ತದೆ. ಊರಿಗೆ ಹೊಂದಿಕೊಂಡಂತೆಯೇ ವಿಲ್ಲೊವೀಮಾಕ್ ಹೊಳೆ ಬಂದು ಬೀವರ್‌ಕಿಲ್ ನದಿಯನ್ನು ಕೂಡುತ್ತದೆ. ಕೂಡುವ ಜಾಗದ ಮಡುವಿಗೆ ಜಂಕ್ಷನ್ ಪೂಲ್ ಎಂದು ಹೆಸರು. ನಮ್ಮಲ್ಲಿ ಸಂಗಮವೆಂದರೆ ಗುಡಿ, ಸ್ನಾನಘಟ್ಟ, ಜಾತ್ರೆ. ಇಲ್ಲಿರುವುದು ಟ್ರೌಟ್ ಮೀನು, ಅಷ್ಟೆ. ಆದರೆ ವಸಂತ ಕಾಲಿಟ್ಟೊಡನೆ ಎದೆಮಟ್ಟದ ರಬ್ಬರ್ ಉಡುಪು ತೊಟ್ಟು, ಕೊರೆಯುವ ನೀರಿಗಿಳಿದು ನಿಲ್ಲುವವರ ಶ್ರದ್ಧೆ ಯಾವ ಯಾತ್ರಿಕರ ಶ್ರದ್ಧೆಗೂ ಕಡಿಮೆಯಲ್ಲ. ಊರು ತನ್ನನ್ನು 'ಟ್ರೌಟ್ ಟೌನ್' ಎಂದೇ ಕರೆದುಕೊಂಡಿದೆ.

ಕೆರೆ ಏರಿಯ ಮೇಲೆ ಗಾಳ ಹಾಕಿ ಕೂರುವ ಹಳ್ಳಿಯ ಹುಡುಗನನ್ನು ನೆನೆಯಿರಿ. ಕೊಕ್ಕೆಗೆ ಎರೆಹುಳು, ದಾರಕ್ಕೊಂದು ಸೀಸದ ಗುಂಡು. ಬೀಸಿದಾಗ ಗುಂಡು ಮುಂದೆ ಹಾರುತ್ತದೆ, ದಾರ ಅದರ ಬೆನ್ನು ಹತ್ತುತ್ತದೆ. ಬೀವರ್‌ಕಿಲ್‌ನಲ್ಲಿ ಈ ಲೆಕ್ಕ ತಲೆಕೆಳಗು. ಇಲ್ಲಿ ಕೊಕ್ಕೆಗೆ ಸುತ್ತಿರುವುದು ಕೋಳಿಗರಿ ಮತ್ತು ನೂಲಿನಿಂದ ಮಾಡಿದ ನೊಣ. ಊದಿದರೆ ಹಾರಿಹೋಗುವಷ್ಟು ಹಗುರ. ಅದನ್ನು ಬರಿದೆ ಬೀಸಿ ದೂರಕ್ಕೆ ಕಳಿಸಲು ಯಾರಿಂದಲೂ ಆಗದು. ಆದ್ದರಿಂದ ತೂಕವನ್ನೆಲ್ಲ ದಾರಕ್ಕೇ ಕೊಟ್ಟಿದ್ದಾರೆ. ಕೋಲನ್ನು ಹಿಂದಕ್ಕೆ ಬೀಸಿದಾಗ ದಾರ ಬೆನ್ನ ಹಿಂದೆ ಗಾಳಿಯಲ್ಲಿ ಚಾಚಿಕೊಳ್ಳುತ್ತದೆ. ಮುಂದಕ್ಕೆ ಬೀಸುವಾಗ ದಾರದ ಜಡತ್ವ ಕೋಲನ್ನು ಬಿಲ್ಲಿನಂತೆ ಬಗ್ಗಿಸುತ್ತದೆ. ಕೈ ನಿಂತೊಡನೆ ಕೋಲು ನೆಟ್ಟಗಾಗಿ, ಕೂಡಿಟ್ಟ ಶಕ್ತಿಯನ್ನು ದಾರಕ್ಕೆ ಮರಳಿಸುತ್ತದೆ. ದಾರ ಕುಣಿಕೆಯಾಗಿ ಬಿಚ್ಚಿಕೊಳ್ಳುತ್ತ ಹೋಗಿ ನೊಣವನ್ನು ಮೆಲ್ಲಗೆ ನೀರಿನ ಮೇಲಿಡುತ್ತದೆ.

ದಾರ ತೀರ ಹಗುರವಾದರೆ ಕೋಲು ಬಾಗುವುದೇ ಇಲ್ಲ. ದಾರ ಮುದ್ದೆಯಾಗಿ ಕಾಲ ಬಳಿಯೇ ಬೀಳುತ್ತದೆ. ತೀರ ಭಾರವಾದರೆ ಕೋಲು ಹಿಡಿಯವರೆಗೂ ಬಾಗಿ ತುಯ್ದಾಡುತ್ತದೆ. ದಾರ ನೀರಿಗೆ ಬಡಿದು ಮೀನು ಓಡುತ್ತದೆ. ಈಗ ಹೆಚ್ಚಿನವರ ಕೈಯಲ್ಲಿರುವ ಕಾರ್ಬನ್ ಕೋಲು ಇಷ್ಟನ್ನು ತಾಳಿಕೊಂಡೀತು. ಹಳೆಯ ಬಿದಿರು ಹಾಗಲ್ಲ. ಅತಿಯಾಗಿ ಬಗ್ಗಿಸಿದ ಬಿದಿರು ಡೊಂಕಾಗಿಯೇ ಉಳಿಯಬಹುದು, ತುದಿ ಮುರಿಯಲೂಬಹುದು. ಅಟ್ಟದಲ್ಲಿ ಸಿಕ್ಕ ತಾತನ ಕೋಲನ್ನು ಹಿಡಿದು ಹೊಳೆಗೆ ಬಂದವರಿಗೆ ಇದು ಸಣ್ಣ ಮಾತಲ್ಲ. ಅದನ್ನು ಮಾಡಿದವರು ತೀರಿಕೊಂಡು ಎಷ್ಟೋ ವರ್ಷವಾಗಿರುತ್ತದೆ.

ಬಿದಿರು ಕೋಲು ಎಂದೊಡನೆ ಹಿತ್ತಲಲ್ಲಿ ಕಡಿದ ಗಳ ಎಂದುಕೊಳ್ಳಬೇಡಿ. ಬಿದಿರನ್ನು ಸೀಳಿ, ತ್ರಿಕೋನಾಕಾರದ ಆರು ದಬ್ಬೆಗಳನ್ನು ಹೆರೆದು, ಅಂಟು ಹಾಕಿ ಕೂಡಿಸುತ್ತಾರೆ. ಅಡ್ಡಕ್ಕೆ ಕೊಯ್ದು ನೋಡಿದರೆ ಅದು ಜೇನುಗೂಡಿನ ಕೋಣೆಯಂತೆ ಷಟ್ಕೋನ. ಬಿದಿರಿನ ಗಟ್ಟಿ ನಾರುಗಳು ಹೊರಮೈಯಲ್ಲಿ ಒತ್ತಾಗಿರುವುದರಿಂದ ಹೊರಮೈಯನ್ನು ಹೊರಗೇ ಉಳಿಸಿ, ಒಳಗಿನದನ್ನು ಮಾತ್ರ ಹೆರೆಯುತ್ತಾರೆ. ಬಿದಿರು ಬರುವುದು ಚೀನಾದ ಗ್ವಾಂಗ್‌ಡಾಂಗ್ ಪ್ರಾಂತದಿಂದ. ಟಾಂಕಿನ್ ಬಿದಿರು ಎಂಬುದು ವ್ಯಾಪಾರಿಗಳು ಇಟ್ಟ ಹೆಸರು, ಎಫ್.ಎ. ಮೆಕ್‌ಕ್ಲೂರ್ ಎಂಬ ಸಸ್ಯವಿಜ್ಞಾನಿ 1931ರಲ್ಲಿ ಅದಕ್ಕೆ ಕೊಟ್ಟ ಹೆಸರು 'ಅಮಾಬಿಲಿಸ್', ಅಂದರೆ ಮುದ್ದಿಗೆ ತಕ್ಕದ್ದು. 1950ರಲ್ಲಿ ಅಮೆರಿಕ ಚೀನಾದ ಸರಕನ್ನು ನಿಷೇಧಿಸಿದಾಗ ಈ ಕಸುಬು ಬಹುತೇಕ ನಿಂತೇಹೋಯಿತು. ಆ ಜಾಗಕ್ಕೆ ಫೈಬರ್‌ಗ್ಲಾಸ್ ಬಂದು ಕೂತಿತು.

ಕಸುಬಿನ ದೊಡ್ಡ ಹೆಸರು ಹೈರಮ್ ಲೆನರ್ಡ್ ಅವರದು. ಮೇನ್ ರಾಜ್ಯದಲ್ಲಿದ್ದ ಅವರು 1881ರಲ್ಲಿ ನ್ಯೂಯಾರ್ಕ್ ರಾಜ್ಯದ ಸೆಂಟ್ರಲ್ ವ್ಯಾಲಿಗೆ ಬಂದು ಕಾರ್ಖಾನೆ ಹೂಡಿದರು. ಎವರೆಟ್ ಗ್ಯಾರಿಸನ್ ಅವರ ಕಥೆ ವಿಜ್ಞಾನದ ವಿದ್ಯಾರ್ಥಿಗಳಿಗೆ ಇನ್ನೂ ಹಿಡಿಸೀತು. ವೃತ್ತಿಯಿಂದ ಎಂಜಿನಿಯರ್ ಆಗಿದ್ದ ಇವರು ಕೋಲಿನ ಯಾವ ಜಾಗದಲ್ಲಿ ಎಷ್ಟು ಒತ್ತಡ ಬೀಳುತ್ತದೆ ಎಂದು ಗಣಿತದಿಂದ ಲೆಕ್ಕ ಹಾಕಿ, ಅದಕ್ಕೆ ತಕ್ಕಂತೆ ದಪ್ಪವನ್ನು ನಿರ್ಧರಿಸಿದರು. ಇಲ್ಲಿ ಅಂದಾಜು ನಡೆಯದು. ಕೋಲಿನ ಬಿಗಿತ ಅದರ ದಪ್ಪದ ನಾಲ್ಕನೇ ಘಾತಕ್ಕೆ ಅನುಪಾತದಲ್ಲಿರುತ್ತದೆ. ದಪ್ಪ ಶೇ. 10 ಹೆಚ್ಚಿದರೆ ಬಿಗಿತ ಸುಮಾರು ಶೇ. 46 ಹೆಚ್ಚುತ್ತದೆ! ಎರಡು ಮಿ.ಮೀ.ಗೂ ತೆಳುವಾದ ತುದಿಯಲ್ಲಿ ಉಳಿ ಕೂದಲೆಳೆಯಷ್ಟು ತಪ್ಪಿದರೂ ಕೋಲಿನ ಗುಣವೇ ಬೇರೆಯಾಗುತ್ತದೆ.

ಹಾಗಾದರೆ ಯಾವ ಕೋಲಿಗೆ ಯಾವ ದಾರ? ಹಿಂದೆ ದಾರಗಳು ರೇಷ್ಮೆಯವು. ಅವನ್ನು ದಪ್ಪದಿಂದ ಗುರುತಿಸುತ್ತಿದ್ದರು. 'ಎ' ದಪ್ಪ, 'ಐ' ತೆಳು. 'ಎಚ್‌ಡಿಎಚ್' ಎಂದರೆ ಎರಡು ತುದಿಯಲ್ಲಿ 0.025 ಅಂಗುಲ, ನಡುವೆ 0.045 ಅಂಗುಲ. ದಾರಗಳೆಲ್ಲ ರೇಷ್ಮೆಯವೇ ಆಗಿದ್ದಾಗ ದಪ್ಪ ಗೊತ್ತಾದರೆ ತೂಕವೂ ಗೊತ್ತಾದಂತೆ. ನೈಲಾನ್ ಮತ್ತು ಪ್ಲಾಸ್ಟಿಕ್ ಲೇಪದ ದಾರಗಳು ಬಂದಾಗ ಈ ನಂಟು ಕಡಿದುಹೋಯಿತು. ಸಾಂದ್ರತೆ ಬೇರೆಯಾದ ಮೇಲೆ ದಪ್ಪ ಒಂದೇ ಆದರೇನು, ತೂಕ ಒಂದೇ ಆದೀತೆ? ಕೋಲು ಬಲ್ಲದ್ದು ತೂಕವನ್ನೇ ಹೊರತು ದಪ್ಪವನ್ನಲ್ಲ. ಹೀಗಾಗಿ 1960ರ ದಶಕದ ಆರಂಭದಲ್ಲಿ ಅಮೆರಿಕದ ತಯಾರಕರು ದಾರದ ಮೊದಲ 30 ಅಡಿಯನ್ನು ತೂಗಿ ಸಂಖ್ಯೆ ಕೊಡುವ ಪದ್ಧತಿಗೆ ಬಂದರು. ತೂಗುವುದು ಗ್ರೇನ್ ಲೆಕ್ಕದಲ್ಲಿ. ಒಂದು ಗ್ರೇನ್ ಎಂದರೆ ಅಕ್ಕಸಾಲಿಗರ ಗುಲಗಂಜಿಯ ಸುಮಾರು ಅರ್ಧ. 4ನೇ ದಾರ 120 ಗ್ರೇನ್, 5ನೆಯದು 140, 6ನೆಯದು 160. ಗ್ರಾಂ ಲೆಕ್ಕದಲ್ಲಿ 5ನೇ ದಾರ ಬರೀ ಒಂಬತ್ತು ಗ್ರಾಂ! ಹಳೆಯ ಎಚ್‌ಡಿಎಚ್ ಹೆಚ್ಚುಕಡಿಮೆ ಇಂದಿನ 5ಕ್ಕೆ, ಎಚ್‌ಸಿಎಚ್ 6ಕ್ಕೆ ಸಮ.

ಆದರೆ ತಾತನ ಕೋಲಿನ ಮೇಲೆ ಎಷ್ಟೋ ಸಲ ಅಕ್ಷರವೂ ಇರದು, ಅಂಕಿಯೂ ಇರದು. ಅಂಥ ಕೋಲನ್ನು ಹೊಳೆಗಿಳಿಸುವ ಮೊದಲು ಹುಲ್ಲುಹಾಸಿನ ಮೇಲೆ ನೋಡುವುದು ವಾಡಿಕೆ. ರಾಸ್ಕೋದಿಂದ ಕೆಲವೇ ಮೈಲಿ ದೂರದಲ್ಲಿ, ವಿಲ್ಲೊವೀಮಾಕ್ ದಂಡೆಯ ಮೇಲೆ ಈ ಬಗೆಯ ಮೀನುಗಾರಿಕೆಗೆಂದೇ ಒಂದು ವಸ್ತುಸಂಗ್ರಹಾಲಯವಿದೆ. ಬಿದಿರು ಕೋಲು ಮಾಡುವವರು ಅಲ್ಲಿ ಕೂಡುವುದುಂಟು. ನೊಣದ ಬದಲು ಉಣ್ಣೆಯ ಚೂರು ಕಟ್ಟಿ, 30 ಅಡಿ ದಾರ ಬಿಟ್ಟು ಬೀಸುತ್ತಾರೆ. ಮೊದಲು ಹಗುರವಾದ 4, ಆಮೇಲೆ 5, ಬೇಕಾದರೆ 6. ಭಾರದಿಂದ ಆರಂಭಿಸುವುದು ಹಳೆಯ ಬಿದಿರಿಗೆ ಅಪಾಯ. ಗಾಳಿಯಲ್ಲಿ ಕುಣಿಕೆ ಕಿರಿದಾಗಿ, ಅಲೆಯಿಲ್ಲದೆ ಬಿಚ್ಚಿಕೊಂಡರೆ ಜೋಡಿ ಕೂಡಿತು ಎಂದರ್ಥ.

ಅಳತೆಯೇ ಬೇಕು ಎನ್ನುವವರಿಗೆ ವಿಲಿಯಂ ಹ್ಯಾನೆಮನ್ ಎಂಬುವರು ಒಂದು ಉಪಾಯ ಹೇಳಿದ್ದಾರೆ. ಕೋಲಿನ ಹಿಡಿಯನ್ನು ಅಡ್ಡಲಾಗಿ ಬಿಗಿದು, ತುದಿಗೆ ಚಿಕ್ಕ ಚೀಲ ಕಟ್ಟಿ, ಒಂದು ಸೆಂಟಿನ ನಾಣ್ಯಗಳನ್ನು ಒಂದೊಂದಾಗಿ ಹಾಕುವುದು. ಕೋಲಿನ ಉದ್ದದ ಮೂರನೇ ಒಂದು ಭಾಗದಷ್ಟು ತುದಿ ಕೆಳಗಿಳಿದಾಗ ಎಣಿಸುವುದು. ಆ ಎಣಿಕೆಯಿಂದ ದಾರದ ಸಂಖ್ಯೆ ತಿಳಿಯುತ್ತದೆ. ನಾಣ್ಯಗಳು 1982ರ ನಂತರದವಾಗಿರಬೇಕು. ಆ ವರ್ಷದ ನಡುವೆ ತಾಮ್ರದ ಬದಲು ಸತು ಬಂದು, 3.1 ಗ್ರಾಂ ಇದ್ದ ನಾಣ್ಯ 2.5 ಗ್ರಾಂಗೆ ಇಳಿಯಿತು. ಉಪಾಯ ಸೊಗಸಾಗಿದೆ, ಬೇರೆ ಮಾತಿಲ್ಲ. ಆದರೆ ಬಿದಿರು ಕಾರ್ಬನ್‌ಗಿಂತ ಭಾರ. ಬೀಸುವಾಗ ಕೋಲಿನ ಸ್ವಂತ ತೂಕವೂ ಅದನ್ನು ಬಗ್ಗಿಸುತ್ತದೆ. ನಾಣ್ಯದ ಚೀಲ ಅಳೆಯುವುದು ನಿಂತ ಕೋಲನ್ನು.

ಇಷ್ಟಾದರೂ ಕಥೆ ಮುಗಿಯದು. ಸಂಖ್ಯೆಯ ಲೆಕ್ಕವೆಲ್ಲ 30 ಅಡಿ ದಾರ ಹೊರಗಿದ್ದಾಗಿನದು. ಬೀವರ್‌ಕಿಲ್‌ನ ಅಗಲ ಹರವಿನಲ್ಲಿ ಅಷ್ಟು ದಾರ ಬಿಡಬಹುದು. ಬೆಟ್ಟದ ಮೇಲಿನ ಕಿರಿದಾದ ತೊರೆಯಲ್ಲಿ ಬೆನ್ನ ಹಿಂದೆ ಕೊಂಬೆ, ಎದುರಿಗೆ ಬಂಡೆ. 15 ಅಡಿ ಬಿಟ್ಟರೆ ಹೆಚ್ಚು. ಹೊರಗಿರುವ ತೂಕ ಅರ್ಧಕ್ಕಿಳಿದಾಗ 5ರ ಕೋಲೂ ಸುಮ್ಮನೆ ಕೂರುತ್ತದೆ. ಅಲ್ಲಿ ತಿಳಿದವರು 6ನೇ ದಾರ ಹಾಕುತ್ತಾರೆ. ಅದೇ ಕೋಲನ್ನು ದೊಡ್ಡ ಹೊಳೆಗೆ ತಂದಾಗ ಮರೆಯದೆ 5ಕ್ಕೆ ಬದಲಿಸುತ್ತಾರೆ.

ಬೆಟ್ಟಗಳ ನೆರಳು ಜಂಕ್ಷನ್ ಪೂಲ್‌ನ ಮೇಲೆ ಬೀಳುವ ಹೊತ್ತಿಗೆ ಕೋಲುಗಳನ್ನು ಬಿಚ್ಚಿ, ಒರೆಸಿ, ಬಟ್ಟೆಯ ಚೀಲಕ್ಕೆ ಸೇರಿಸುತ್ತಾರೆ. ಇಂದಿಗೂ ರೇಷ್ಮೆ ದಾರವನ್ನೇ ಬಳಸುವವರು ಅದನ್ನು ಸುರುಳಿಯಿಂದ ತೆಗೆದು ಒಣಗಲು ಹರಡಬೇಕು. ಒದ್ದೆಯಾಗಿಯೇ ಬಿಟ್ಟರೆ ಕೊಳೆಯುತ್ತದೆ. ದಿನವಿಡೀ ಬೀಸಿ ಕೊನೆಗೂ ಜೋಡಿ ಕೂಡಿಸಿದವರು ಚೀಲದ ಮೂಲೆಯಲ್ಲಿ ಒಂದು ಅಂಕಿ ಬರೆದಿಡುತ್ತಾರೆ, ಮುಂದೆ ಅದನ್ನು ಬಿಚ್ಚುವ ಮೊಮ್ಮಗ ಮತ್ತೆ 4ರಿಂದ ಆರಂಭಿಸಬೇಕಾಗಿ ಬರದಿರಲಿ ಎಂದು.